ಘಟ್ಟದ ಮೇಲಿನಿಂದಲೋ, ಕೆಳಗಿನಿಂದಲೋ: ನಿಮ್ಮ ಕಾಲಿಗೆ ತಕ್ಕ ಚಾರಣ ಆರಿಸುವ ಬಗೆ

ಚಾರಣಕ್ಕೆ ಹೊರಟವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್?" ಎಂದು. ಪಶ್ಚಿಮಘಟ್ಟದಲ್ಲಿ ಈ ಪ್ರಶ್ನೆಯ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ನೆತ್ತಿಗೆ ಸುಮಾರು 7 ಕಿ.ಮೀ. ಸೋಮವಾರಪೇಟೆ ಬದಿಯ ಬೀದಹಳ್ಳಿ ಕಡೆಯಿಂದ ಕುಮಾರಪರ್ವತಕ್ಕೂ ಹೆಚ್ಚುಕಡಿಮೆ ಅಷ್ಟೇ. ಮೊದಲನೆಯದರಲ್ಲಿ ಅರ್ಧ ದಾರಿ ಕಾಫಿ ತೋಟದ ಪಕ್ಕದ ರಸ್ತೆ. ಎರಡನೆಯದರಲ್ಲಿ ಕೊನೆಗೆ ಕೈಯೂರಿ ಹತ್ತಬೇಕಾದ ನುಣುಪು ಬಂಡೆ. ಹಾಗಾಗಿ ದೂರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಕೇಳಬೇಕಾದದ್ದು: ಘಟ್ಟದ ಕೆಳಗಿನಿಂದ ಹತ್ತುತ್ತೀರೋ, ಘಟ್ಟದ ಮೇಲಿನಿಂದಲೋ?

ಒಂದೇ ಬೆಟ್ಟ, ಎರಡು ಬಾಗಿಲು

ಪಶ್ಚಿಮಘಟ್ಟ ಎರಡೂ ಬದಿಗೆ ಒಂದೇ ರೀತಿ ಇಳಿಯುವುದಿಲ್ಲ. ಪಡುವಣಕ್ಕೆ ಗೋಡೆ ಎಬ್ಬಿಸಿದಂತೆ ಕಡಿದಾಗಿ ಬೀಳುತ್ತದೆ, ಮೂಡಣಕ್ಕೆ ನಿಧಾನವಾಗಿ ಬಯಲುಸೀಮೆಯ ಕಡೆ ಜಾರುತ್ತದೆ. ಕುಕ್ಕೆ ಸುಬ್ರಹ್ಮಣ್ಯ, ಶಿಶಿಲ, ಕೊಲ್ಲೂರು ಇರುವುದು ಸಮುದ್ರಮಟ್ಟದಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ. ಕಳಸ, ಮೂಡಿಗೆರೆ, ಸೋಮವಾರಪೇಟೆ ಆಗಲೇ 800ರಿಂದ 1,100 ಮೀಟರ್ ಎತ್ತರದಲ್ಲಿ ಕುಳಿತಿವೆ. ಮೇಲಿನಿಂದ ಹೊರಟವರಿಗೆ ಅರ್ಧಕ್ಕೂ ಹೆಚ್ಚು ಏರನ್ನು ಬಸ್ಸೇ ಹತ್ತಿಸಿಕೊಟ್ಟಿರುತ್ತದೆ.

ಎತ್ತಿನಭುಜವನ್ನೇ ನೋಡಿ. ಮೂಡಿಗೆರೆ ಕಡೆಯ ಭೈರಾಪುರದ ನಾಣ್ಯ ಭೈರವೇಶ್ವರ ದೇವಸ್ಥಾನದಿಂದ ಹೊರಟರೆ ಸುಮಾರು 2 ಕಿ.ಮೀ. ನಡಿಗೆ, ಏರು 300 ಮೀಟರ್ ಆಸುಪಾಸು. ಅದೇ 1,299 ಮೀಟರ್ ನೆತ್ತಿಗೆ ಶಿಶಿಲದ ಕಡೆಯಿಂದ ಬಂದರೆ ಸಾವಿರ ಮೀಟರಿಗೂ ಮಿಗಿಲಾದ ಏರು, ಅದರ ಬಹುಪಾಲು ದಟ್ಟ ಕಾಡಿನಲ್ಲಿ. ಬಲ್ಲಾಳರಾಯನ ದುರ್ಗದ ಕೋಟೆ ಮತ್ತು ಬಂಡಾಜೆ ಅರ್ಬಿ ಜಲಪಾತದ ಕಥೆಯೂ ಹೀಗೆಯೇ. ಸುಂಕಸಾಲೆ ಕಡೆಯಿಂದ ಕೋಟೆಗೆ ಹೋಗುವುದು ಬೆಳಗಿನ ಕೆಲಸ, ಬೆಳ್ತಂಗಡಿ ಬದಿಯಿಂದ ಬಂಡಾಜೆಗೆ ಹತ್ತುವುದು ಇಡೀ ದಿನದ ದುಡಿಮೆ.

ಕೆಳಗಿನ ಬಾಗಿಲಲ್ಲಿ ಇನ್ನೊಂದು ತೊಂದರೆ ಇದೆ, ಅದು ನಕ್ಷೆಯಲ್ಲಿ ಕಾಣುವುದಿಲ್ಲ. ಸಾವಿರ ಮೀಟರ್ ಮೇಲೇರಿದಂತೆ ತಾಪ ಸುಮಾರು 6 ಡಿಗ್ರಿ ಇಳಿಯುತ್ತದೆ. ಅಂದರೆ ಕುಕ್ಕೆಯಲ್ಲಿ ಹೆಜ್ಜೆ ಇಡುವವರು ಮೊದಲ ಎರಡು ಗಂಟೆ ಕರಾವಳಿಯ ಸೆಕೆಯಲ್ಲಿ, ಗಾಳಿಯಾಡದ ಕಾಡಿನೊಳಗೆ ಹತ್ತುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮೂರು ಗಂಟೆಗೆ ಸಾಕೆಂದು ತಂದ ನೀರು ಒಂದೂವರೆ ಗಂಟೆಯಲ್ಲಿ ಖಾಲಿಯಾಗುತ್ತದೆ. ದಣಿದು ಹಿಂದಿರುಗುವವರಲ್ಲಿ ಬಹುಮಂದಿ ಸೋಲುವುದು ಈ ಕಾಡಿನಲ್ಲೇ, ಮೇಲಿನ ಬೋಳುಗುಡ್ಡದಲ್ಲಿ ಅಲ್ಲ.

ಏರನ್ನು ಅಳೆಯುವ ಸುಲಭದ ಕೋಲು

ಸ್ಕಾಟ್‌ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ತಂಪು ಹವೆಯಲ್ಲಿ ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ನಮ್ಮ ಘಟ್ಟದ ಸೆಕೆ, ಬೇರು, ಜಾರುಗಲ್ಲು ಮತ್ತು ಗುಂಪಿನ ಫೋಟೋ ಚಟ ಸೇರಿಸಿ ಬಂದ ಮೊತ್ತಕ್ಕೆ ಇನ್ನರ್ಧದಷ್ಟು ಕೂಡಿಸಿ. ಕುದುರೆಮುಖಕ್ಕೆ ಮುಳ್ಳೋಡಿಯಿಂದ ಸುಮಾರು 9.5 ಕಿ.ಮೀ., ಏರು ಸುಮಾರು 900 ಮೀಟರ್. ದೂರಕ್ಕೆ 1.9 ಗಂಟೆ, ಏರಿಗೆ 1.5, ಒಟ್ಟು 3.4. ಅರ್ಧ ಕೂಡಿಸಿದರೆ ಐದು ಗಂಟೆ. ಸಾಮಾನ್ಯ ಗುಂಪು ಮೇಲೆ ಮುಟ್ಟುವುದೂ ಅಷ್ಟೇ ಹೊತ್ತಿಗೆ.

ಮೀಟರ್ ಲೆಕ್ಕ ಕಾಲಿಗೆ ಅರ್ಥವಾಗುವುದಿಲ್ಲ ಎನ್ನುವವರಿಗೆ ಮೈಸೂರಿನ ಚಾಮುಂಡಿ ಬೆಟ್ಟವೇ ಅಳತೆಗೋಲು. ಅಲ್ಲಿನ ಸಾವಿರ ಮೆಟ್ಟಿಲು ಎಂದರೆ ಸ್ಥೂಲವಾಗಿ 250ರಿಂದ 300 ಮೀಟರ್ ಏರು. ಇದನ್ನು ಒಂದು ಘಟಕವೆಂದು ಇಟ್ಟುಕೊಳ್ಳಿ. ಭೈರಾಪುರದಿಂದ ಎತ್ತಿನಭುಜ ಒಂದು ಚಾಮುಂಡಿ. ಸರ್ಪದಾರಿ ಎಂಬ ಕಾಲುಹಾದಿಯಿಂದ ಮುಳ್ಳಯ್ಯನಗಿರಿ ಎರಡರ ಒಳಗೆ. ತಡಿಯಂಡಮೋಳ್ ಎರಡಕ್ಕಿಂತ ತುಸು ಹೆಚ್ಚು. ಹಿಡ್ಲುಮನೆ ಕಡೆಯಿಂದ ಕೊಡಚಾದ್ರಿ ಎರಡೂವರೆ. ಕುದುರೆಮುಖ ಮೂರು ದಾಟುತ್ತದೆ. ಕುಕ್ಕೆಯಿಂದ ಕುಮಾರಪರ್ವತ ಆರು.

ಮೆಟ್ಟಿಲು ಹತ್ತಿಳಿದು ನೋಡುವುದು ಒಳ್ಳೆಯ ಪರೀಕ್ಷೆಯೂ ಹೌದು. ಬೆನ್ನಿಗೆ ನಾಲ್ಕೈದು ಕಿಲೋ ಚೀಲ ಹಾಕಿ, ಮುಕ್ಕಾಲು ಗಂಟೆಯೊಳಗೆ ಹತ್ತಿ, ನಡೆದೇ ಇಳಿಯಿರಿ. ಹತ್ತುವಾಗ ಪಕ್ಕದವರ ಜೊತೆ ಮಾತಾಡಲು ಆಗುತ್ತಿತ್ತೇ ಎಂಬುದು ಒಂದು ಗುರುತು. ಅದಕ್ಕಿಂತ ಮುಖ್ಯವಾದದ್ದು ಮರುದಿನ ಬೆಳಿಗ್ಗೆ ಮಂಡಿ ಏನು ಹೇಳುತ್ತದೆ ಎನ್ನುವುದು. ಮೀನಖಂಡ, ತೊಡೆ ನೋಯುತ್ತಿದ್ದರೆ ಅದು ಅಭ್ಯಾಸದ ಕೊರತೆ, ಮೂರು ನಾಲ್ಕು ವಾರದಲ್ಲಿ ಸರಿಹೋಗುತ್ತದೆ. ಮಂಡಿಚಿಪ್ಪಿನ ಸುತ್ತ ಅಥವಾ ಹೊರಬದಿಯಲ್ಲಿ ಚುಚ್ಚುತ್ತಿದ್ದರೆ ಇಳಿಜಾರು ಹೆಚ್ಚಿರುವ ಹಾದಿಯನ್ನು ಈ ವರ್ಷ ಬಿಟ್ಟುಬಿಡಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಮೆಟ್ಟಿಲಿನ ಆಚೆಗೆ ನಡೆಯಲಾಗದವರಿಗೆ

ಹಿರಿಯರು, ಮಂಡಿನೋವಿನವರು, ಕೂಸನ್ನು ಎತ್ತಿಕೊಂಡವರು ಗುಂಪಿನಲ್ಲಿದ್ದರೆ ಕುಂದಾದ್ರಿಯನ್ನು ಮೊದಲು ಎಣಿಸಿ. ಆಗುಂಬೆ-ತೀರ್ಥಹಳ್ಳಿ ದಾರಿಯ ಗುಡ್ಡೇಕೇರಿ ಬಳಿ ತಿರುಗಿದರೆ ವಾಹನ ಮೇಲಿನವರೆಗೂ ಹೋಗುತ್ತದೆ. ಎತ್ತರ 826 ಮೀಟರ್ ಅಷ್ಟೇ. ಆದರೆ ಸುತ್ತಲಿನ ಕಾಡಿನಿಂದ ಒಂಟಿಯಾಗಿ ಎದ್ದ ಬಂಡೆಯಾದ್ದರಿಂದ ನೋಟ ಅದಕ್ಕಿಂತ ಎರಡರಷ್ಟು ಎತ್ತರದ ಬೆಟ್ಟಗಳಿಗೆ ಸಮ. ಪಾರ್ಶ್ವನಾಥ ಬಸದಿ, ಬಂಡೆಯಲ್ಲೇ ಇರುವ ಕೊಳ, ಅದರಾಚೆ ಕಣಿವೆ. ಎಚ್ಚರ ಬೇಕಾದದ್ದು ಎರಡು ಕಡೆ: ರಸ್ತೆಯ ಕಡಿದಾದ ತಿರುವುಗಳಲ್ಲಿ, ಮತ್ತು ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಂಡೆಯ ಅಂಚಿನಲ್ಲಿ.

ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ವಿಚಿತ್ರವೆಂದರೆ ನೆತ್ತಿ ಮುಟ್ಟಲು ಅತಿ ಸುಲಭವಾದವುಗಳಲ್ಲೂ ಅದು ಒಂದು. ವಾಹನ ನಿಲ್ಲುವಲ್ಲಿಂದ ನಾನೂರು ಐನೂರು ಮೆಟ್ಟಿಲು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗದ್ದುಗೆ. ಕಷ್ಟವಿರುವುದು ರಸ್ತೆಯಲ್ಲಿ. ಅದು ಕಿರಿದು, ವಾರಾಂತ್ಯಕ್ಕೆ ಕಾರುಗಳ ಸಾಲು ಬೆಳೆಯುತ್ತದೆ. ಅದಕ್ಕೇ ವಾಹನಗಳ ಪ್ರವೇಶಕ್ಕೆ ಮಿತಿ ಇಟ್ಟಿದ್ದಾರೆ. ಹೃದಯದ ತೊಂದರೆ ಇರುವವರನ್ನು ಮೆಟ್ಟಿಲು ಹತ್ತಿಸುವ ಮೊದಲು ಒಂದು ಮಾತು: ನಡುವೆ ನಿಂತು ಸುಧಾರಿಸಿಕೊಳ್ಳಲು ನೆರಳಿಲ್ಲ, ಗಾಳಿ ಜೋರು. ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯಲ್ಲೇ ಅವರನ್ನು ಕೂರಿಸಿ ಬರುವುದು ವಾಸಿ.

ಯಾಣದ ಸೊಗಸು ಬೇರೆ. ಬೆಟ್ಟ ಹತ್ತುವ ಬದಲು ಬೆಟ್ಟದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡುವುದು. ನೆರಳಿನ ಕಾಡುದಾರಿ, ಕೊನೆಯಲ್ಲಿ ಮೆಟ್ಟಿಲು, ಎದುರಿಗೆ 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರ್ ಎತ್ತರದ ಮೋಹಿನಿ ಶಿಖರ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಾಡುನಡಿಗೆ ಸಿಗುವುದು ಕಷ್ಟ. ಬಂಡೆಗೆ ಹೆಜ್ಜೇನು ಗೂಡು ಕಟ್ಟಿರುತ್ತದೆ, ಆದ್ದರಿಂದ ಕೂಗಾಟ, ಹೊಗೆ, ಗಾಢ ಸುಗಂಧ ಮೂರೂ ಬೇಡ.

ಕೊಡಚಾದ್ರಿಗೆ ಜೀಪ್ ಹೋಗುತ್ತದಲ್ಲ, ಅಜ್ಜ ಅಜ್ಜಿಯನ್ನು ಅಲ್ಲಿಗೇ ಕರೆದೊಯ್ಯೋಣ ಎಂದು ಹಲವರು ಅಂದುಕೊಳ್ಳುತ್ತಾರೆ. ಬೇಡ. ಆ ದಾರಿಯ ಗುಂಡಿ ಕಲ್ಲುಗಳ ಮೇಲೆ ಜೀಪ್ ಕುಣಿಯುವ ಕುಣಿತಕ್ಕೆ ಬೆನ್ನುನೋವಿನವರು, ಗರ್ಭಿಣಿಯರು, ಕುತ್ತಿಗೆ ಸವೆತ ಇರುವವರು ಹೊರಟರೆ ನಡಿಗೆಗಿಂತ ಹೆಚ್ಚು ಪೆಟ್ಟು. ಅಷ್ಟಾದ ಮೇಲೂ ಸರ್ವಜ್ಞ ಪೀಠಕ್ಕೆ ಒಂದೂವರೆ ಎರಡು ಕಿ.ಮೀ. ಏರು ಉಳಿದೇ ಇರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ (1,454 ಮೀ.) ಈ ಗೋಳಿಲ್ಲ, ಬುಡದಲ್ಲಿ ಖಾಸಗಿ ವಾಹನ ಬಿಟ್ಟು ಸಾರಿಗೆ ಬಸ್ಸು ಹತ್ತಿದರೆ ದೇವಸ್ಥಾನದ ಬಳಿಯೇ ಇಳಿಸುತ್ತದೆ. ಆದರೆ ಅದು ಹುಲಿ ಕಾಡು, ಸುತ್ತ ಅಡ್ಡಾಡಲು ಬಿಡುವುದಿಲ್ಲ.

ಮೊದಲ ಸಲ ಬೆಟ್ಟ ಹತ್ತುವವರಿಗೆ

ಇಲ್ಲಿ ಆಯ್ಕೆ ನಿಜವಾಗಿ ಎತ್ತಿನಭುಜ ಮತ್ತು ಸರ್ಪದಾರಿಯ ನಡುವೆ. ಎತ್ತಿನಭುಜ ಚಿಕ್ಕದು, ಆದರೆ ಭುಜದ ಮೇಲಿನ ಕೊನೆಯ ಬಂಡೆಯ ತುಂಡು ಕಡಿದು. ಎತ್ತರ ಕಂಡರೆ ತಲೆ ತಿರುಗುವವರು ಅದರ ಬುಡದಲ್ಲೇ ಕೂರುತ್ತಾರೆ, ಕೂತರೂ ನಷ್ಟವಿಲ್ಲ, ನೋಟ ಅಲ್ಲಿಂದಲೇ ತೆರೆದಿದೆ. ಸರ್ಪದಾರಿ ಮೂರು ನಾಲ್ಕು ಕಿ.ಮೀ. ಉದ್ದ, ಹುಲ್ಲಿನ ಏಣಿನ ಮೇಲೆ ಹಾವಿನಂತೆ ಸುತ್ತಿ ಏರುತ್ತದೆ, ಎಲ್ಲೂ ಕೈಯೂರಬೇಕಿಲ್ಲ. ಆದರೆ ಮರವೇ ಇಲ್ಲ. ಬೆಳಿಗ್ಗೆ ಏಳರೊಳಗೆ ಹೊರಟರೆ ಎಂಟೂವರೆ ಒಂಬತ್ತಕ್ಕೆ ಮೇಲೆ, ಬಿಸಿಲು ಏರುವ ಮೊದಲೇ ಕೆಲಸ ಮುಗಿಯುತ್ತದೆ. ಹತ್ತು ಗಂಟೆಗೆ ಹೊರಟವರಿಗೆ ಅದೇ ದಾರಿ ಬಾಣಲೆ. ಇದಕ್ಕೆ ಇನ್ನೊಂದು ಅನುಕೂಲವಿದೆ: ಯಾರಿಗಾದರೂ ಕಾಲು ಸೋತರೆ ಮೇಲಿನ ರಸ್ತೆಯಿಂದ ವಾಹನದಲ್ಲಿ ಇಳಿಯಬಹುದು. ಮೊದಲ ಚಾರಣಕ್ಕೆ ಸರ್ಪದಾರಿಯೇ ಸರಿ ಎನ್ನಲು ಈ ಒಂದು ಕಾರಣ ಸಾಕು. ಹೀಗೆ ಅರ್ಧದಲ್ಲಿ ಕೈಬಿಡಲು ದಾರಿಯಿರುವ ಬೆಟ್ಟಗಳು ಘಟ್ಟದಲ್ಲಿ ಬೆರಳೆಣಿಕೆಯಷ್ಟು.

ಕೆಮ್ಮಣ್ಣುಗುಂಡಿಯ ಜೆಡ್ ಪಾಯಿಂಟ್ ಸುಮಾರು 3 ಕಿ.ಮೀ. ನಡಿಗೆ, ಏರು ಕಡಿಮೆ. ಆದರೆ ದಾರಿ ಕೆಲವೆಡೆ ದರೆಯ ಅಂಚಿಗೆ ಅಂಟಿಕೊಂಡು ಒಬ್ಬರೇ ನಡೆಯುವಷ್ಟು ಅಗಲ. ಒಣಗಿದ್ದಾಗ ಮಕ್ಕಳನ್ನೂ ಕರೆದೊಯ್ಯಬಹುದು, ಮಳೆ ಬಿದ್ದ ಮರುದಿನ ಬೇಡ. ಕುದುರೆಮುಖ ವನ್ಯಜೀವಿ ವಿಭಾಗದ ಕುರಿಂಜಾಲು ಹಾದಿ ಬಹುಮಟ್ಟಿಗೆ ಹಳೆಯ ಜೀಪ್ ದಾರಿ. ಉದ್ದ ಜಾಸ್ತಿಯಾದರೂ ಏರು ಸೌಮ್ಯ. ಉಸಿರು ಕಟ್ಟುವ ಏರಿಗಿಂತ ದೀರ್ಘ ನಡಿಗೆ ಇಷ್ಟಪಡುವವರಿಗೆ ಇದು ಒಪ್ಪುತ್ತದೆ.

ಒಂದೆರಡು ಬೆಟ್ಟ ಮುಗಿಸಿದವರಿಗೆ

ತಡಿಯಂಡಮೋಳ್ (1,748 ಮೀ.) ಕೊಡಗಿನ ಅತಿ ಎತ್ತರದ ಶಿಖರ. ಇದರ ದಾರಿ ಎರಡು ಸ್ವಭಾವದ್ದು. ನಾಲ್ಕುನಾಡು ಅರಮನೆಯಿಂದ ಅರಣ್ಯ ಗೇಟಿನವರೆಗೆ ಸುಲಭದ ರಸ್ತೆ, ಆಮೇಲೆ ಹುಲ್ಲುಗಾವಲು, ಕೊನೆಯ ಒಂದೂವರೆ ಕಿ.ಮೀ. ಮಾತ್ರ ನೇರ ಏರು. ಬಹಳ ಮಂದಿ ಮೊದಲ ಭಾಗದಲ್ಲಿ ಹುರುಪಿನಿಂದ ಓಡಿ ಕೊನೆಯಲ್ಲಿ ಕಾಲು ಸೆಳೆತಕ್ಕೆ ಸಿಕ್ಕಿಬೀಳುತ್ತಾರೆ. ಜೀಪಿನಲ್ಲಿ ಮೇಲಿನವರೆಗೆ ಹೋಗಿ ನಡಿಗೆಯನ್ನು ಅರ್ಧಕ್ಕಿಳಿಸಬಹುದು, ಆದರೆ ಮೈ ಕಾಯಿಸದೆ ನೇರ ಕಡಿದಾದ ಏರಿಗೆ ಬಿದ್ದಂತಾಗುತ್ತದೆ. ನಡೆಯಬಲ್ಲವರು ಅರಮನೆಯಿಂದಲೇ ನಡೆಯುವುದು ಒಳ್ಳೆಯದು.

ಕೊಡಚಾದ್ರಿಯಲ್ಲಿ (1,343 ಮೀ.) ತಪ್ಪಾಗುವುದು ಹೆಚ್ಚಾಗಿ ದಿಕ್ಕಿನ ವಿಷಯದಲ್ಲಿ. ಹಿಡ್ಲುಮನೆ ಜಲಪಾತದ ಪಕ್ಕದ ದಾರಿಯಲ್ಲಿ ನೀರು ಒಸರುವ ಬಂಡೆಗಳನ್ನು ಹಿಡಿದು ಏರಬೇಕು. ಏರುವಾಗ ಮುಖ ಬಂಡೆಯ ಕಡೆಗಿರುತ್ತದೆ, ಕಾಲಿಡುವ ಜಾಗ ಕಣ್ಣೆದುರು ಕಾಣುತ್ತದೆ. ಇಳಿಯುವಾಗ ಅದೇ ಜಾಗ ಕಾಣುವುದಿಲ್ಲ, ದಣಿದ ತೊಡೆ ನಡುಗುತ್ತಿರುತ್ತದೆ, ಮಧ್ಯಾಹ್ನದ ಮಳೆಗೆ ನೀರೂ ಹೆಚ್ಚಿರುತ್ತದೆ. ಆದ್ದರಿಂದ ಜಲಪಾತದ ಕಡೆ ಹತ್ತಿ, ಜೀಪ್ ದಾರಿಯಲ್ಲಿ ಇಳಿಯಿರಿ. ಜೀಪಿನಲ್ಲಿ ಮೇಲೆ ಹೋಗಿ ಜಲಪಾತದ ಕಡೆ ಇಳಿದರೆ ಸುಲಭವೆಂದು ಕಾಣುತ್ತದೆ, ಕಾಲು ಮುರಿಯುವುದು ಹಾಗೆ ಇಳಿದಾಗಲೇ. ಜಡಿಮಳೆಯ ತಿಂಗಳುಗಳಲ್ಲಿ ಆ ದಾರಿಯನ್ನು ಪೂರ್ತಿ ಬಿಡಿ.

ಇನ್ನು ಕುದುರೆಮುಖ ಮತ್ತು ನೇತ್ರಾವತಿ. ಎರಡಕ್ಕೂ ಹೊರಡುವುದು ಕಳಸ-ಸಂಸೆ ಸುತ್ತಿನಿಂದ, ಎರಡೂ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಹೋಲಿಸಿ ನೋಡಿದರೆ ನೇತ್ರಾವತಿ (ಸುಮಾರು 1,520 ಮೀ.) ಗಿಡ್ಡ, ಹೋಗಿ ಬರುವುದು ಹದಿಮೂರು ಹದಿನಾಲ್ಕು ಕಿ.ಮೀ. ಒಳಗೆ. ಕುದುರೆಮುಖ (1,894 ಮೀ.) ಸುಮಾರು 19. ಐದು ಕಿ.ಮೀ. ವ್ಯತ್ಯಾಸ ತಾನೇ ಎಂದು ತಳ್ಳಿಹಾಕಬೇಡಿ. ನೇತ್ರಾವತಿಯಲ್ಲಿ ಮಧ್ಯಾಹ್ನ ಎರಡಕ್ಕೆ ಕೆಳಗಿದ್ದು ಊಟ ಮಾಡಬಹುದು. ಕುದುರೆಮುಖದಲ್ಲಿ ಏಳಕ್ಕೆ ಹೊರಟರೆ ಹನ್ನೆರಡಕ್ಕೆ ನೆತ್ತಿ, ನಾಲ್ಕಕ್ಕೆ ಮುಳ್ಳೋಡಿ. ಅಷ್ಟರಲ್ಲಿ ಏನು ತಡವಾದರೂ ಅದು ಉಳಿದ ಹಗಲಿನಿಂದಲೇ ಕಡಿತವಾಗುತ್ತದೆ.

ಕುದುರೆಮುಖದ ನಿಜವಾದ ತೊಡಕು ಏರಲ್ಲ, ಹಳ್ಳಗಳು. ದಾರಿಯುದ್ದಕ್ಕೂ ಹಲವು ತೊರೆ ದಾಟಬೇಕು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮೇಲೆ ಮಳೆ ಸುರಿದರೆ ಸಂಜೆಗೆ ಮಂಡಿ ದಾಟುತ್ತದೆ, ಮೇಲಿನ ಹುಲ್ಲುಗುಡ್ಡದ ನೀರೆಲ್ಲ ಅಲ್ಲಿಗೇ ಬರುವುದು. ಕೆಂಪಗೆ ಕದಡಿದ ನೀರು ಮಂಡಿಗಿಂತ ಮೇಲಿದ್ದರೆ ದಾಟಬೇಡಿ, ಕಾಯಿರಿ. ಚಿಕ್ಕ ತೊರೆ ಬೇಗ ಇಳಿಯುತ್ತದೆ. ದಾಟುವಾಗ ಚೀಲದ ಎದೆಪಟ್ಟಿ, ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಕಳಚಿಕೊಳ್ಳಲು. ಬೂಟು ಬಿಚ್ಚಿ ಬರಿಗಾಲಲ್ಲಿ ದಾಟುವ ಅಭ್ಯಾಸ ಒಳ್ಳೆಯದಲ್ಲ, ಜಾರಿ ಬೆರಳು ಜಜ್ಜಿಕೊಳ್ಳುವುದು ಹೀಗೆ. ಒದ್ದೆ ಬೂಟು ನಡೆಯುತ್ತಾ ಒಣಗುತ್ತದೆ. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ.

ಅದೇ ದಾರಿಯಲ್ಲಿ ಒಂಟಿಮರ ಎಂಬ ಜಾಗ ದಾಟಿದ ಮೇಲೆ ಬೋಳುಗುಡ್ಡ. ಅಲ್ಲಿ ಮಂಜು ಕವಿದರೆ ಹತ್ತು ಮಾರು ಆಚೆ ಕಾಣುವುದಿಲ್ಲ. ದನ, ಕಡವೆ ನಡೆದ ಜಾಡುಗಳೆಲ್ಲ ದಾರಿಯಂತೆಯೇ ಕಾಣುತ್ತವೆ. ಗುಂಪು ಚದುರುವುದು ಇಲ್ಲೇ. ಮುಂದಿನವರು ಪ್ರತಿ ಕವಲಿನಲ್ಲೂ ಕೊನೆಯವರು ಬರುವವರೆಗೆ ನಿಲ್ಲಬೇಕು.

ಕುಮಾರಪರ್ವತ: ಬೇರೆಯೇ ತಕ್ಕಡಿ

1,712 ಮೀಟರ್ ಎತ್ತರದ ಕುಮಾರಪರ್ವತ ಮುಳ್ಳಯ್ಯನಗಿರಿಗಿಂತ ಗಿಡ್ಡ. ಆದರೂ ರಾಜ್ಯದ ಅತಿ ಕಠಿಣ ಹಾದಿಗಳ ಮಾತು ಬಂದಾಗ ಇದರ ಹೆಸರೇ ಮೊದಲು. ಕಾರಣ ಸರಳ: ಕುಕ್ಕೆಯ ಕಡೆಯಿಂದ ಹತ್ತುವವರಿಗೆ ಘಟ್ಟದ ಗೋಡೆಯನ್ನು ಬುಡದಿಂದ ತುದಿಯವರೆಗೆ ಒಂದು ಇಂಚೂ ಬಿಡದೆ ಹತ್ತಿಸುತ್ತದೆ. ಹದಿಮೂರು ಕಿ.ಮೀ. ಒಂದು ಕಡೆಗೆ, ಏರು 1,600 ಮೀಟರ್ ಸುತ್ತಮುತ್ತ. ನೇಸ್ಮಿತ್ ಲೆಕ್ಕದಲ್ಲೇ ಐದೂಕಾಲು ಗಂಟೆ. ಅರ್ಧ ಕೂಡಿಸಿದರೆ ಎಂಟರ ಹತ್ತಿರ.

ದಾರಿ ಮೂರು ಪಟ್ಟಿ. ಮೊದಲು ಗಿರಿಗದ್ದೆಯ ಭಟ್ಟರ ಮನೆಯವರೆಗೆ ಸೆಕೆಯ ಕಾಡು, ಬೇರುಗಳ ಮೆಟ್ಟಿಲು. ಆಮೇಲೆ ಗಿರಿಗದ್ದೆ ತಪಾಸಣೆ ಠಾಣೆ ದಾಟಿ ಕಲ್ಲುಮಂಟಪದವರೆಗೆ ನೆರಳಿಲ್ಲದ ಹುಲ್ಲಿನ ಏಣು. ಕೊನೆಗೆ ಶೇಷಪರ್ವತ, ಅಲ್ಲಿಂದ ಇಳಿದು ಶೋಲಾ ಕಾಡು (ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು) ಹೊಕ್ಕು ಬಂಡೆ ಹತ್ತಿ ನೆತ್ತಿ. ಶೇಷಪರ್ವತವನ್ನೇ ನೆತ್ತಿಯೆಂದು ತಿಳಿದು ಅಲ್ಲಿ ಶಕ್ತಿಯೆಲ್ಲ ಮುಗಿಸಿಕೊಂಡವರಿಗೆ ಮುಂದೆ ಕಾಣುವ ಇಳಿಜಾರು ಎದೆ ಒಡೆಯುತ್ತದೆ. ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಬೇಕಲ್ಲ. ನೀರು ಕೆಳಗಿನ ಠಾಣೆಯ ಸುತ್ತ ಸಿಗುತ್ತದೆ. ಕಲ್ಲುಮಂಟಪದ ಬಳಿಯ ತೊರೆ ಮಳೆ ಕಳೆದು ಕೆಲವು ತಿಂಗಳಿಗೆ ಬತ್ತುತ್ತದೆ, ಜನವರಿ ಮೇಲೆ ಅದನ್ನು ನೆಚ್ಚಬೇಡಿ. ಠಾಣೆಯಿಂದ ಮೇಲೆ ತಲೆಗೆ ಮೂರು ಲೀಟರ್ ಬೇಕೇ ಬೇಕು.

ಬೀದಹಳ್ಳಿ ಕಡೆಯಿಂದ ಏರು ಅರ್ಧಕ್ಕಿಂತ ಕಡಿಮೆ, ಕಾಡಿನ ನೆರಳು ಹೆಚ್ಚು, ಕೊನೆಯ ಬಂಡೆ ಒದ್ದೆಯಾಗಿದ್ದರೆ ಅಪಾಯ. ಎರಡನ್ನೂ ಹೊಲಿದು ಬೀದಹಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿದರೆ ಸುಲಭ ಎನ್ನುವ ಮಾತು ಬಹಳ ಓಡಾಡುತ್ತದೆ. ಉಸಿರಿಗೆ ಅದು ಸುಲಭ. ಮಂಡಿಗೆ ಅಲ್ಲ. 1,600 ಮೀಟರ್ ಇಳಿಯುವಾಗ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಅದು ಸೋತ ಮೇಲೆ ಭಾರವೆಲ್ಲ ಕೀಲಿನ ಮೇಲೆ. ಭಟ್ಟರ ಮನೆಯಿಂದ ಕೆಳಗಿನ ಕಾಡಿನಲ್ಲಿ ಹಿಮ್ಮುಖವಾಗಿ, ಅಡ್ಡಡ್ಡವಾಗಿ ಇಳಿಯುವವರನ್ನು ಕಂಡರೆ ಇದು ತಿಳಿಯುತ್ತದೆ. ಮಂಡಿ ಗಟ್ಟಿಯಿಲ್ಲದವರು ಬೀದಹಳ್ಳಿಯಿಂದ ಹತ್ತಿ ಬೀದಹಳ್ಳಿಗೇ ಇಳಿಯಲಿ. ಕುದುರೆಮುಖವನ್ನು ನರಳದೆ ಮುಗಿಸದವರು ಕುಕ್ಕೆ ದಾರಿಗೆ ಕೈಹಾಕುವುದೇ ಬೇಡ.

ತಿಂಗಳು ತಪ್ಪಿದರೆ ಸುಲಭದ್ದೂ ಕಷ್ಟ

ಅಕ್ಟೋಬರಿನಿಂದ ಜನವರಿ ಎಲ್ಲ ಹಾದಿಗೂ ಒಳ್ಳೆಯ ಕಾಲ. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ಬಹುತೇಕ ಹಾದಿ ಮುಚ್ಚುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಿಡಿಲಿನದು. ಬೋಳು ಏಣಿನ ಮೇಲೆ ಆಗ ನೀವೇ ಎತ್ತರದ ವಸ್ತು. ಗುಡುಗು ಕೇಳಿದ ಕೂಡಲೇ ಏಣಿನಿಂದ ಕೆಳಗಿಳಿಯಬೇಕು, ಒಂಟಿ ಮರದಡಿ ನಿಲ್ಲಬಾರದು.

ಮಳೆಗಾಲಕ್ಕೆ ಇಂಬಳ. ಬೂಟಿನ ಕಣ್ಣು, ಕಾಲುಚೀಲದ ನೇಯ್ಗೆಯೊಳಗಿಂದಲೂ ನುಸುಳುತ್ತದೆ. ಒತ್ತು ನೇಯ್ಗೆಯ ಉದ್ದನೆಯ ಇಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟಿದರೆ ಮುಕ್ಕಾಲು ತೊಂದರೆ ಕಳೆಯುತ್ತದೆ. ಮಲೆನಾಡಿನವರ ಉಪಾಯ ಇನ್ನೂ ಅಗ್ಗ: ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದು, ಕಚ್ಚಿದಲ್ಲಿಗೆ ಮುಟ್ಟಿಸುವುದು. ಕಿತ್ತೆಳೆಯಬೇಡಿ, ಉಗುರಿನಿಂದ ಬಾಯಿಯ ಬದಿಗೆ ಸವರಿ ಬಿಡಿಸಿ. ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಹೆದರಬೇಕಿಲ್ಲ, ತೊಳೆದು ಒತ್ತಿ ಕಟ್ಟಿದರೆ ಸಾಕು.

ಹೆದರಬೇಕಾದ್ದು ಒಣಕಾಲದ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಎಂದರೆ ಚಾರಣಕ್ಕೆ ಹವೆ ಚೆನ್ನಾಗಿರುವ ತಿಂಗಳುಗಳಲ್ಲೂ ಅದು ಇರುತ್ತದೆ. ಶಿವಮೊಗ್ಗ ಜಿಲ್ಲೆಯ ಕಾಡುಗಳಿಗೆ ಹೋಗುವವರು ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳಬೇಕು. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಸುಳಿಯದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮರಳಿ ಬಂದ ಒಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು "ಕಾಡಿಗೆ ಹೋಗಿದ್ದೆ" ಎಂಬುದು.

ಚೀಲ, ಬೂಟು, ನೀರು

ನೀರು ನಡಿಗೆಯ ಗಂಟೆಗೆ ಅರ್ಧ ಲೀಟರ್, ಘಟ್ಟದ ಕೆಳಗಿನ ಸೆಕೆಯಲ್ಲಿ ಮುಕ್ಕಾಲು. ಬರಿ ನೀರು ಕುಡಿದು ಕಾಲು ಸೆಳೆತ ಬಂದವರಿಗೆ ಬೇಕಾದದ್ದು ಉಪ್ಪು. ಓಆರ್‌ಎಸ್ ಪೊಟ್ಟಣ ಎರಡು ಇರಲಿ, ಒಂದನ್ನು ಪೂರ್ತಿ ಲೀಟರಿಗೆ ಕಲಸಿ.

ಹೊಸ ಬೂಟು ಹಾಕಿ ಬೆಟ್ಟಕ್ಕೆ ಬರಬೇಡಿ ಎಂಬುದು ಎಲ್ಲರಿಗೂ ಗೊತ್ತು. ಹಳೆಯ ಬೂಟಿನ ಅಪಾಯ ಗೊತ್ತಿರುವವರು ಕಡಿಮೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬೂಟಿನ ಅಟ್ಟೆಯ ಅಂಟು, ನಡುವಿನ ಮೆತ್ತೆ ತೇವಕ್ಕೆ ಒಳಗೊಳಗೇ ಕರಗಿರುತ್ತದೆ. ಮೊದಲ ಹಳ್ಳ ದಾಟಿದ್ದೇ ಅಟ್ಟೆ ಬಾಯಿ ಬಿಡುತ್ತದೆ. ಹೊರಡುವ ವಾರ ಮುಂಚೆ ಹಾಕಿ ಮೂರು ನಾಲ್ಕು ಕಿ.ಮೀ. ನಡೆದು ನೋಡಿ. ಒಂದು ಗಟ್ಟಿ ದಾರ ಜೊತೆಗಿರಲಿ. ಇಳಿಯುವ ಮೊದಲು ಕಾಲಿನ ಉಗುರು ಕತ್ತರಿಸಿದೆಯೇ, ಕಣಕಾಲಿನ ಹತ್ತಿರದ ದಾರ ಬಿಗಿಯಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಕೋಲು ಇದ್ದರೆ ಇಳಿಜಾರಿನಲ್ಲಿ ಐದಾರು ಸೆಂ.ಮೀ. ಉದ್ದ ಮಾಡಿ. ಜೀನ್ಸ್ ಬೇಡ, ನೆಂದರೆ ಕಾಲಿಗೆ ಕಲ್ಲು ಕಟ್ಟಿದಂತೆ. ತಲೆಗೆ ಕಟ್ಟುವ ದೀಪ ಹಗಲು ಚಾರಣಕ್ಕೂ ಬೇಕು, ಡಿಸೆಂಬರಿನಲ್ಲಿ ಆರಕ್ಕೆಲ್ಲ ಶೋಲಾ ಕಾಡಿನೊಳಗೆ ಕಪ್ಪು ಕತ್ತಲೆ.

ಅನುಮತಿ ಚೀಟಿ

ಕುದುರೆಮುಖ, ನೇತ್ರಾವತಿ, ಕುಮಾರಪರ್ವತ, ತಡಿಯಂಡಮೋಳ್ ಮುಂತಾದ ಅರಣ್ಯದೊಳಗಿನ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ನಿಯಮ ಬಿಗಿಯಾಯಿತು. ಈಗ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ ಭಾನುವಾರದ ಚೀಟಿ ಮೊದಲೇ ಮುಗಿಯುತ್ತದೆ. ವಾರದ ನಡುವೆ ಹೋಗಲು ಸಾಧ್ಯವಿದ್ದರೆ ಚೀಟಿಯೂ ಸಿಗುತ್ತದೆ, ದಾರಿಯೂ ಖಾಲಿ. ಕಾಯ್ದಿರಿಸುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಒಯ್ಯಿರಿ. ರಾತ್ರಿ ಉಳಿಯುವ, ಗುಡಾರ ಹಾಕುವ ನಿಯಮ ಆಗಾಗ ಬದಲಾಗುತ್ತದೆ. ಯಾರದೋ ಹಳೆಯ ವಿಡಿಯೊದಲ್ಲಿ ನೆತ್ತಿಯ ಮೇಲೆ ಗುಡಾರ ಕಂಡಿತೆಂದು ಚೀಲಕ್ಕೆ ಗುಡಾರ ತುಂಬಬೇಡಿ, ಠಾಣೆಯಲ್ಲೇ ಇಳಿಸಿಕೊಳ್ಳುತ್ತಾರೆ.

ಕುದುರೆಮುಖಕ್ಕೆ ಹೋಗುವವರಿಗೆ ಇನ್ನೊಂದು ಲೆಕ್ಕ. ಮುಳ್ಳೋಡಿಯವರೆಗಿನ ಮಣ್ಣುರಸ್ತೆಗೆ ಸಾಮಾನ್ಯ ಕಾರು ಒಗ್ಗುವುದಿಲ್ಲ, ಜೀಪ್ ಮಾಡಬೇಕು. ಬೆಳಿಗ್ಗೆ ಬಿಡುವಾಗಲೇ ಸಂಜೆ ಎಷ್ಟಕ್ಕೆ ಬರಬೇಕೆಂದು ಜೀಪಿನವರೊಂದಿಗೆ ಬಾಯ್ಮಾತಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಮೇಲೆ ಮೊಬೈಲ್ ಸಿಗ್ನಲ್ ಇಲ್ಲ, ಕೆಳಗಿಳಿದು ಫೋನ್ ಮಾಡಿ ಕರೆಯುತ್ತೇವೆ ಎಂದರೆ ಆಗದು. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ, ಆ ಗಂಟೆಯನ್ನು ಅವರನ್ನು ಕೇಳಿಯೇ ಹೇಳಿ.